ಸೇವಾವ್ರತಿ ಜೇನ್ ಆಡಮ್ಸ್

ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂಬುದು ಲೋಕದ ರೂಢಿ. ಬಡವನ ಮನೆಯ ಬಾಗಿಲಿಗೆ ಬಂದ ದಯಾವಂತನು ಮೊದಲು ಎಣಿಸುವುದು ಆ ಮನೆಯಲ್ಲಿ ಇಲ್ಲದುದನ್ನು: ಅನ್ನವಿಲ್ಲ, ಅರಿವೆಯಿಲ್ಲ, ವಿದ್ಯೆಯಿಲ್ಲ, ಶುಚಿಯಿಲ್ಲ. ಎಣಿಕೆ ಮುಗಿದ ಮೇಲೆ ಕೊಡುಗೆ ಬರುತ್ತದೆ. ಕೊಡುಗೆಯ ಬೆನ್ನ ಹಿಂದೆಯೇ ಉಪದೇಶವೂ ಬರುತ್ತದೆ. ಪಡೆದವನ ಹಸಿವು ಒಂದು ಹೊತ್ತಿಗೆ ಹಿಂಗಿದರೂ ಅವನ ತಲೆ ಇನ್ನಷ್ಟು ತಗ್ಗುತ್ತದೆ. ಈ ಎಣಿಕೆಯನ್ನೇ ತಿರುಗಿಸಿ, ಆ ಮನೆಯಲ್ಲಿ ಏನಿದೆಯೆಂಬುದನ್ನು ಮೊದಲು ಕಾಣಬೇಕೆಂಬ ಪಾಠವನ್ನು ತಮ್ಮ ತಪ್ಪುಗಳಿಂದಲೇ ಕಲಿತು, ನಲವತ್ತಾರು ವರ್ಷಗಳ ಕಾಲ ಬಡವರ ನಡುವೆ ನೆರೆಯವರಾಗಿ ಬಾಳಿದ ಸಾಧ್ವಿಯೊಬ್ಬರು ಅಮೆರಿಕಾ ದೇಶದಲ್ಲಿದ್ದರು. ಅವರೇ ಜೇನ್ ಆಡಮ್ಸ್.

ಜೇನ್ ಹುಟ್ಟಿದ್ದು ೧೮೬೦ನೆಯ ಇಸವಿ ಸೆಪ್ಟೆಂಬರ್ ೬ರಂದು, ಇಲಿನಾಯ್ ಪ್ರಾಂತದ ಸೀಡರ್‌ವಿಲ್ ಎಂಬ ಚಿಕ್ಕ ಊರಿನಲ್ಲಿ. ತಂದೆ ಜಾನ್ ಆಡಮ್ಸ್ ಹಿಟ್ಟಿನ ಗಿರಣಿಯ ಒಡೆಯರು; ಪ್ರಾಂತದ ಶಾಸನಸಭೆಯಲ್ಲಿ ಬಹುಕಾಲ ಸದಸ್ಯರಾಗಿದ್ದವರು; ಅಬ್ರಹಾಂ ಲಿಂಕನ್ನರ ಸ್ನೇಹವನ್ನು ಸಂಪಾದಿಸಿದ್ದವರು. ಮಗಳಿಗೆ ಮೂರು ವರ್ಷ ತುಂಬುವುದಕ್ಕೆ ಮುನ್ನವೇ ತಾಯಿ ತೀರಿಕೊಂಡರು. ಎಳವೆಯಲ್ಲಿಯೇ ಬೆನ್ನುಮೂಳೆಗೆ ಕ್ಷಯ ತಗುಲಿ ಬಾಲಿಕೆಯ ಬೆನ್ನು ಬಾಗಿತು. ತಾನು ಕುರೂಪಿ ಎಂಬ ಅಳುಕು ಆ ಎಳೆಯ ಮನಸ್ಸನ್ನು ಹೊಕ್ಕಿತು. ಭಾನುವಾರಗಳಂದು ಊರಿಗೆ ಹೊಸಬರು ಬಂದಾಗ, ತನ್ನಂಥವಳು ಆ ಗಂಭೀರ ಪುರುಷನ ಮಗಳೆಂದು ಅವರಿಗೆ ತಿಳಿಯಬಾರದೆಂದು, ಜೇನ್ ತಂದೆಯ ಪಕ್ಕವನ್ನು ಬಿಟ್ಟು ಚಿಕ್ಕಪ್ಪನ ಜೊತೆಯಲ್ಲಿ ನಡೆಯುತ್ತಿದ್ದಳು. ಒಂದು ದಿನ ನೆರೆಯ ಪಟ್ಟಣದ ಜನನಿಬಿಡ ಬೀದಿಯಲ್ಲಿ ತಂದೆ ಎದುರಿಗೆ ಬಂದರು. ಮಗಳನ್ನು ಕಂಡೊಡನೆ ತಮ್ಮ ಎತ್ತರವಾದ ರೇಷ್ಮೆಯ ಟೋಪಿಯನ್ನು ತೆಗೆದು, ದೊಡ್ಡವರಿಗೆ ಮಾಡುವಂತೆ ತಲೆಬಾಗಿ ವಂದಿಸಿದರು. ಎಲ್ಲರೆದುರಿಗೆ ಸಂದ ಆ ಒಂದು ಗೌರವದಿಂದ ಬಾಲಿಕೆಯ ವರ್ಷಗಳ ಅಳುಕು ಕರಗಿಹೋಯಿತು. ಕನಿಕರಪಟ್ಟು ಬೆನ್ನು ತಡವುವುದಕ್ಕೂ ಗೌರವಿಸಿ ತಲೆಬಾಗುವುದಕ್ಕೂ ಇರುವ ಅಂತರವನ್ನು ಜೇನ್ ಹೀಗೆ ಬಾಲ್ಯದಲ್ಲಿಯೇ ಅನುಭವಿಸಿದ್ದಳು. ಆದರೆ ಆ ಅನುಭವದ ಅರ್ಥವು ಅವರಿಗೆ ಪೂರ್ಣವಾಗಿ ಹೊಳೆಯಲು ಬಹಳ ವರ್ಷಗಳು ಬೇಕಾದವು.

೧೮೮೧ರಲ್ಲಿ ರಾಕ್‌ಫರ್ಡ್ ಮಹಿಳಾ ವಿದ್ಯಾಲಯದಲ್ಲಿ ಅವರ ವ್ಯಾಸಂಗವು ಮುಗಿಯಿತು. ಅದೇ ವರ್ಷ ತಂದೆ ಆಕಸ್ಮಿಕವಾಗಿ ಕಾಲವಾದರು. ವೈದ್ಯಳಾಗಿ ಬಡವರ ಸೇವೆ ಮಾಡಬೇಕೆಂದು ಫಿಲಡೆಲ್ಫಿಯಾದ ವೈದ್ಯಕೀಯ ಕಾಲೇಜನ್ನು ಸೇರಿದರೂ ಬೆನ್ನಿನ ಬೇನೆ ಮರುಕಳಿಸಿದ್ದರಿಂದ ಆ ವಿದ್ಯೆ ಅರ್ಧಕ್ಕೆ ನಿಂತಿತು. ಕೈಯಲ್ಲಿ ತಂದೆ ಬಿಟ್ಟುಹೋದ ಹಣವಿತ್ತು, ತಲೆಯಲ್ಲಿ ವಿದ್ಯೆಯಿತ್ತು. ಮಾಡುವುದಕ್ಕೆ ಮಾತ್ರ ಯಾವ ಕೆಲಸವೂ ಇರಲಿಲ್ಲ.

ಈ ಸ್ಥಿತಿಯಲ್ಲಿ ೧೮೮೩ರಲ್ಲಿ ಯೂರೋಪಿನ ಪ್ರವಾಸವನ್ನು ಕೈಗೊಂಡ ಅವರು, ಲಂಡನ್ ನಗರದ ಪೂರ್ವಭಾಗದಲ್ಲಿ ಒಂದು ಶನಿವಾರದ ನಡುರಾತ್ರಿ ಕಂಡ ನೋಟವನ್ನು ಬದುಕಿರುವ ತನಕ ಮರೆಯಲಿಲ್ಲ. ಭಾನುವಾರ ಮಾರಲಾಗದೆ ಕೊಳೆತುಹೋಗುವ ತರಕಾರಿಯನ್ನು ಗಾಡಿಗಳಲ್ಲಿಟ್ಟು ಹರಾಜು ಕೂಗುತ್ತಿದ್ದರು. ಅನಿಲದೀಪದ ಮಂದ ಬೆಳಕಿನಲ್ಲಿ ಬಡಜನರ ಗುಂಪು ತಮ್ಮ ಪುಡಿಗಾಸನ್ನು ಹಿಡಿದು ಆ ಕೊಳೆತ ಕಾಯಿಪಲ್ಲೆಗಾಗಿ ಕೈಚಾಚುತ್ತಿತ್ತು. ಒಬ್ಬನು ದೊರೆತ ಕೋಸನ್ನು ತೊಳೆಯದೆ, ಬೇಯಿಸದೆ, ಅಲ್ಲಿಯೇ ಕುಳಿತು ಹಸಿಯಾಗಿ ತಿಂದನು. ಜೇನರ ಕಣ್ಣಿನಲ್ಲಿ ಉಳಿದದ್ದು ಆ ಮುಖಗಳಲ್ಲ, ಮೇಲಕ್ಕೆ ಚಾಚಿದ್ದ ಬರಿಗೈಗಳು. ಅಂದು ಅವರು ಆ ಕೈಗಳ ಬರಿದನ್ನು ಮಾತ್ರ ಕಂಡರು. ಅದೇ ಕೈಗಳಲ್ಲಿ ಅಡಗಿದ್ದ ಕಸುಬನ್ನು ಕಾಣುವುದಕ್ಕೆ ಇನ್ನೂ ಹದಿನೇಳು ವರ್ಷಗಳು ಕಳೆಯಬೇಕಾಯಿತು.

೧೮೮೮ರಲ್ಲಿ ಅವರು ಮತ್ತೆ ಲಂಡನ್ನಿಗೆ ಬಂದರು. ಅಲ್ಲಿ ೧೮೮೪ರಲ್ಲಿ ಸ್ಥಾಪಿತವಾಗಿದ್ದ ಟಾಯ್ನ್‌ಬಿ ಹಾಲ್ ಎಂಬ ಸಂಸ್ಥೆಯಲ್ಲಿ ವಿಶ್ವವಿದ್ಯಾಲಯದ ತರುಣರು ಬಡವರ ಕೇರಿಯಲ್ಲಿಯೇ ಮನೆಮಾಡಿ, ಅವರ ನೆರೆಯವರಾಗಿ ವಾಸಿಸುತ್ತಿದ್ದರು. ದೂರದಲ್ಲಿ ನಿಂತು ದಾನವನ್ನು ಎಸೆಯುವ ಬದಲು ಹತ್ತಿರ ಹೋಗಿ ಬದುಕುವ ಈ ಕ್ರಮವು ಜೇನರ ಮನಸ್ಸನ್ನು ಸೆಳೆಯಿತು. ಸಹಪಾಠಿಯೂ ಗೆಳತಿಯೂ ಆಗಿದ್ದ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ ಚಿಕಾಗೋ ನಗರಕ್ಕೆ ಬಂದು, ಹಾಲ್‌ಸ್ಟೆಡ್ ಬೀದಿಯಲ್ಲಿ ಹಲ್ ಎಂಬವರು ೧೮೫೬ರಲ್ಲಿ ಕಟ್ಟಿಸಿದ್ದ ಹಳೆಯ ಮನೆಯನ್ನು ಹಿಡಿದರು. ೧೮೮೯ನೆಯ ಇಸವಿ ಸೆಪ್ಟೆಂಬರ್ ೧೮ರಂದು ಅಲ್ಲಿ ಅವರ ವಾಸ ಆರಂಭವಾಯಿತು. ಹಲ್ ಹೌಸ್ ಎಂದು ಮುಂದೆ ಜಗತ್ತಿನಲ್ಲೆಲ್ಲ ಹೆಸರಾದ ಸೇವಾಗೃಹವು ಹುಟ್ಟಿದ್ದು ಹೀಗೆ.

ಸುತ್ತಲಿನ ಕೇರಿಗಳು ಇಟಲಿ, ಜರ್ಮನಿ, ಗ್ರೀಸ್, ಐರ್ಲೆಂಡ್, ಬೊಹೀಮಿಯಾ, ಪೋಲೆಂಡ್, ರಷ್ಯಾ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದವರಿಂದ ತುಂಬಿದ್ದವು. ಇಕ್ಕಟ್ಟಾದ ಮರದ ಮನೆಗಳು, ಕಸ ಕೊಳೆಯುವ ಬೀದಿಗಳು, ಹಗಲಿರುಳೂ ದುಡಿಯುವ ಹೆಂಗಸರು, ಬಾಲ್ಯದಲ್ಲಿಯೇ ಕಾರ್ಖಾನೆಯನ್ನು ಸೇರಿದ ಮಕ್ಕಳು. ಈ ಜನರಿಗೆ ತಮ್ಮ ವಿದ್ಯೆಯನ್ನೂ ಕಲೆಯನ್ನೂ ಹಂಚಬೇಕೆಂಬುದು ಗೆಳತಿಯರ ಮೊದಲ ಸಂಕಲ್ಪ. ಗೋಡೆಗಳಿಗೆ ಉತ್ತಮ ಚಿತ್ರಗಳನ್ನು ತೂಗುಹಾಕಿದರು. ಸಂಜೆಗಳಲ್ಲಿ ಕಾದಂಬರಿಗಳನ್ನು ಓದಿ ಹೇಳಿದರು. ಮಕ್ಕಳಿಗಾಗಿ ಶಿಶುವಿಹಾರವನ್ನು ತೆರೆದರು. ಜನರೂ ಬಂದರು. ಆದರೆ ಉಳ್ಳವರು ಇಲ್ಲದವರಿಗೆ ಕೊಡುವುದೇ ಸೇವೆ ಎಂಬ ಭಾವನೆ ಆ ಮನೆಯಲ್ಲಿಯೂ ನೆಲೆಸಿತ್ತು. ಅದನ್ನು ಅಲುಗಾಡಿಸಿದವು ಎರಡು ಸಂಗತಿಗಳು; ಒಂದು ಚಿಕ್ಕದು, ಮತ್ತೊಂದು ಮರೆಯಲಾಗದಷ್ಟು ಘೋರವಾದುದು.

ನೆರೆಯ ದುಡಿಮೆಗಾರ ಹೆಂಗಸರು ಅಡುಗೆಗೆ ಬಿಡುವಿಲ್ಲದೆ ಸತ್ವಹೀನವಾದ ಆಹಾರಕ್ಕೆ ಹಣ ಚೆಲ್ಲುತ್ತಿರುವರೆಂದು ಹಲ್ ಹೌಸಿನವರು ಕಂಡುಕೊಂಡರು. ತಮ್ಮಲ್ಲೊಬ್ಬರನ್ನು ಬಾಸ್ಟನ್ ನಗರಕ್ಕೆ ಕಳುಹಿಸಿ, ಪೌಷ್ಟಿಕಾಂಶಗಳನ್ನು ಅಳೆದು ಅಡುಗೆ ಮಾಡುವ ಶಾಸ್ತ್ರವನ್ನು ಕಲಿಸಿ ತಂದು, ಸಾರ್ವಜನಿಕ ಪಾಕಶಾಲೆಯೊಂದನ್ನು ತೆರೆದರು. ಆಹಾರ ಶುದ್ಧವಾಗಿತ್ತು, ಬೆಲೆ ಅಗ್ಗವಾಗಿತ್ತು. ಕೊಳ್ಳುವವರು ಮಾತ್ರ ಎಣಿಸಿದಷ್ಟು ಬರಲಿಲ್ಲ. ಊಟದಲ್ಲಿ ಸತ್ವವೇನೋ ಇದೆ, ಆದರೆ ತನಗೆ ತನ್ನ ಬಾಯಿಗೆ ರುಚಿಸಿದ್ದೇ ಬೇಕೆಂದು ನೆರೆಯ ಹೆಂಗಸೊಬ್ಬಳು ಮುಚ್ಚುಮರೆಯಿಲ್ಲದೆ ತಿಳಿಸಿದಳು. ಹತ್ತು ದೇಶಗಳ ಹತ್ತು ಬಗೆಯ ರುಚಿ, ರೂಢಿ, ತಾಯಿಯಿಂದ ಬಂದ ಕೈಗುಣ ಇವು ಯಾವುವನ್ನೂ ಕೇಳದೆಯೇ ಅವರಿಗೆ ಹಿತವಾದುದನ್ನು ತಾವು ನಿಶ್ಚಯಿಸಿದ್ದೇ ತಪ್ಪೆಂದು ಆಡಮ್ಸ್ ಅವರು ಒಪ್ಪಿಕೊಂಡರು. ಪಾಕಶಾಲೆಯ ಜೊತೆಗಿದ್ದ ಕಾಫಿಮನೆಯು ಮಾತ್ರ ನೆರೆಯವರು ಬಂದು ಕುಳಿತು ಮಾತನಾಡುವ ಕೂಟಸ್ಥಾನವಾಗಿ ಬೆಳೆಯಿತು.

ಎರಡನೆಯ ಸಂಗತಿ ನಡೆದುದು ೧೮೯೩ರಲ್ಲಿ ದೇಶವನ್ನೆಲ್ಲ ಕವಿದ ಆರ್ಥಿಕ ಮುಗ್ಗಟ್ಟಿನ ಚಳಿಗಾಲದಲ್ಲಿ. ಸರಕು ರವಾನೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದು ಕೆಲಸವನ್ನು ಕಳೆದುಕೊಂಡ ಒಬ್ಬ ಗೃಹಸ್ಥನು ನೆರವನ್ನು ಕೇಳಿಕೊಂಡು ಹಲ್ ಹೌಸಿಗೆ ಬರುತ್ತಿದ್ದನು. ದೊರೆಯಬಹುದಾದ ಕೆಲಸವೊಂದಿರುವಾಗ ಧರ್ಮದ ಹಣವನ್ನು ಕೊಡಬಾರದೆಂಬುದು ಆ ಕಾಲದ ದಾನಸಂಸ್ಥೆಗಳ ಕಟ್ಟುನಿಟ್ಟಾದ ನಿಯಮ. ಅದರಂತೆ ಆಡಮ್ಸ್ ಅವರು, ನಗರದ ಹೊರಗೆ ನಾಲೆಯನ್ನು ತೋಡುವ ಕೆಲಸವಿದೆಯೆಂದು ಅವನಿಗೆ ಸೂಚಿಸಿದರು. ತಾನು ಎಂದಿಗೂ ಒಳಗೆ ಕುಳಿತು ದುಡಿದವನು, ಚಳಿಗಾಲದಲ್ಲಿ ಬಯಲಿನ ಕೆಲಸವನ್ನು ತನ್ನ ಮೈ ತಾಳಲಾರದು ಎಂದು ಅವನು ಬಿನ್ನವಿಸಿಕೊಂಡನು. ನಿಯಮವನ್ನು ಹೊಸದಾಗಿ ಕಲಿತಿದ್ದ ಆಡಮ್ಸ್ ಅವರು ಮೆದುವಾಗಲಿಲ್ಲ. ಅವನು ಮತ್ತೆ ನೆರವನ್ನು ಕೇಳಲು ಬರಲಿಲ್ಲ. ನಾಲೆಯಲ್ಲಿ ಎರಡು ದಿನ ಅಗೆದನು. ಶ್ವಾಸಕೋಶದ ಜ್ವರ ಹಿಡಿಯಿತು. ಒಂದು ವಾರದಲ್ಲಿ ತೀರಿಕೊಂಡನು. ಅವನು ಬಿಟ್ಟುಹೋದ ಇಬ್ಬರು ಮಕ್ಕಳನ್ನು ಆಡಮ್ಸ್ ಅವರು ಮುಂದೆ ಎಂದೂ ಕಣ್ಮರೆಯಾಗಲು ಬಿಡಲಿಲ್ಲ. ಅವರನ್ನು ಕಂಡಾಗಲೆಲ್ಲ ತಮ್ಮ ಅಪರಾಧವು ನೆನಪಾಗುತ್ತಿತ್ತೆಂದು ೧೯೧೦ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಎಲ್ಲರೆದುರು ಒಪ್ಪಿಕೊಂಡರು.

ಆ ಮನುಷ್ಯನು ತನ್ನ ವಿಷಯದಲ್ಲಿ ತಾನೇ ಬಲ್ಲವನಾಗಿದ್ದನು. ತನ್ನ ಮೈಯ ಮಿತಿಯನ್ನೂ ತನ್ನ ಕಸುಬನ್ನೂ ಅವನು ತಿಳಿಸಿದ್ದನು. ಕೇಳಬೇಕಾದವರು ನಿಯಮದ ಪುಸ್ತಕವನ್ನು ಕೇಳಿದರು. ನೆರವನ್ನು ನೀಡುವವರು ಬಡವನ ಬದುಕನ್ನು ಬಲ್ಲ ಪಂಡಿತರಲ್ಲ, ಆ ಬದುಕಿನ ಪಂಡಿತನು ಅವನೇ ಎಂಬ ತಿಳಿವಳಿಕೆಗೆ ಒಂದು ಜೀವವು ಬೆಲೆಯಾಗಿ ಸಂದಿತು. ೧೯೦೨ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಆಡಮ್ಸ್ ಅವರು, ಬಡವರ ಮನೆಗಳಿಗೆ ಹೋಗಿ ನೀತಿಯನ್ನು ಬೋಧಿಸುವ ದಾನಿಗಳಿಗಿಂತ, ತಮ್ಮ ತುತ್ತಿನಲ್ಲಿ ಪಾಲು ಕೊಟ್ಟು ನೆರೆಯವರನ್ನು ಕಾಪಾಡುವ ಬಡವರೇ ಹೆಚ್ಚು ಉದಾರಿಗಳೆಂಬುದನ್ನು ವಿವರಿಸಿದರು.

ಈ ದೃಷ್ಟಿಯು ಕೆಲಸದಲ್ಲಿ ಹೇಗೆ ಫಲಿಸಿತೆಂಬುದಕ್ಕೆ ದೃಷ್ಟಾಂತಗಳು ಹಲವು. ಪಾದರಕ್ಷೆಯ ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ, ಬಾಡಿಗೆಯ ಕೋಣೆಯನ್ನು ಕಳೆದುಕೊಳ್ಳುವ ಭಯದಿಂದಲೇ ಹೆಣ್ಣುಮಕ್ಕಳು ಮೊದಲು ಸೋಲುವರೆಂದು ಅಲ್ಲಿನ ಕೆಲಸಗಾರ್ತಿಯರೇ ಎತ್ತಿ ತೋರಿಸಿದರು. ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಆಸರೆಯಾಗುವಂತೆ ಎಲ್ಲರೂ ಸೇರಿ ಒಂದು ವಸತಿಯನ್ನು ನಡೆಸಬಾರದೇಕೆಂಬ ಆಲೋಚನೆ ಹುಟ್ಟಿದ್ದೂ ಅವರಲ್ಲಿಯೇ. ೧೮೯೧ರ ಮೇ ತಿಂಗಳಲ್ಲಿ ಆ ವಸತಿಯು ಆರಂಭವಾಯಿತು. ಹಲ್ ಹೌಸ್ ಕೊಟ್ಟದ್ದು ಮೊದಲ ತಿಂಗಳ ಬಾಡಿಗೆ ಮತ್ತು ಕೆಲವು ಸಾಮಾನುಗಳು ಮಾತ್ರ. ಲೆಕ್ಕ, ಆಡಳಿತ ಎಲ್ಲವೂ ಆ ತರುಣಿಯರವೇ. ಮೂರನೆಯ ವರ್ಷದ ಕೊನೆಗೆ ಸದಸ್ಯೆಯರ ಸಂಖ್ಯೆ ಐವತ್ತಕ್ಕೆ ಮುಟ್ಟಿತು. ಇದಕ್ಕೊಂದು ಸ್ವಂತ ಕಟ್ಟಡವನ್ನು ಕಟ್ಟಿಸಲು ಇಪ್ಪತ್ತು ಸಾವಿರ ಡಾಲರುಗಳ ಕೊಡುಗೆಯೊಂದು ಬಂದಿತು. ಕೊಡುವವನು ತನ್ನ ಕೈಕೆಳಗಿನ ಹುಡುಗಿಯರಿಗೆ ಕೂಲಿಯನ್ನು ಕಡಿಮೆ ಕೊಡುವವನೆಂದು ಹೆಸರಾಗಿದ್ದುದರಿಂದ ಆಡಮ್ಸ್ ಅವರು ಆ ಹಣವನ್ನು ಮುಟ್ಟಲಿಲ್ಲ.

ತೊಂಬತ್ತು ವರ್ಷದ ಮುದುಕಿಯೊಬ್ಬಳು ಆ ಕೇರಿಯಲ್ಲಿದ್ದಳು. ಮಗಳು ಅಡುಗೆಯ ಕೆಲಸಕ್ಕೆ ಹೋದ ಮೇಲೆ ದಿನವೆಲ್ಲ ಒಬ್ಬಳೇ ಇರಬೇಕಾಗಿದ್ದ ಅವಳು ಗೋಡೆಯ ಗಾರೆಯನ್ನು ಕೆರೆದು ಕೆರೆದು ಉದುರಿಸುತ್ತಿದ್ದಳು. ಅದಕ್ಕಾಗಿ ಮನೆಯೊಡೆಯರು ಒಬ್ಬರಾದ ಮೇಲೊಬ್ಬರು ಆ ಸಂಸಾರವನ್ನು ಹೊರಡಿಸುತ್ತಿದ್ದರು. ದೋಷವನ್ನು ಮಾತ್ರ ಕಾಣುವವರಿಗೆ ಅವಳೊಂದು ಕಾಟ. ಹಲ್ ಹೌಸಿನವರು ಅವಳ ಸುಮ್ಮನಿರಲಾರದ ಕೈಗಳನ್ನು ಕಂಡರು. ಕಾಗದದ ದೊಡ್ಡ ಸರಪಳಿಗಳನ್ನು ಮಾಡುವುದನ್ನು ಕೆಲವು ವಾರಗಳಲ್ಲಿ ಅವಳಿಗೆ ಕಲಿಸಿದರು. ಗೋಡೆಯನ್ನು ಕೆಡಿಸುತ್ತಿದ್ದ ಕೈ ಗೋಡೆಯನ್ನು ಸಿಂಗರಿಸತೊಡಗಿತು. ಕಾಲಕ್ರಮದಲ್ಲಿ, ಅವಳು ಗೇಲಿಕ್ ಎಂಬ ಪುರಾತನ ಭಾಷೆಯನ್ನು ಬಲ್ಲವಳೆಂಬುದೂ ಬೆಳಕಿಗೆ ಬಂದಿತು. ಅವಳನ್ನು ಕಾಣಲು ಘನ ಪಂಡಿತರು ಆ ಬಡಕೇರಿಗೆ ಬಂದಾಗ, ಇಂಥವಳೊಬ್ಬಳು ತಮ್ಮ ನಡುವೆ ಇರುವಳೆಂದು ಕೇರಿಯವರೆಲ್ಲ ಹೆಮ್ಮೆಪಟ್ಟರು. ಮುದುಕಿ ಹಿಂದೆ ಇದ್ದವಳೇ. ಬದಲಾದುದು ನೋಡುವವರ ಕಣ್ಣು.

ಇಂಥ ಕೆಲಸಗಳಲ್ಲಿ ಮುಕುಟಪ್ರಾಯವಾದುದು ೧೯೦೦ರಲ್ಲಿ ಸ್ಥಾಪಿತವಾದ ಕಾಯಕದ ವಸ್ತುಸಂಗ್ರಹಾಲಯ. ಮನೆಯಲ್ಲಿ ತಾಯಿತಂದೆಗಳಿಗೂ ಮಕ್ಕಳಿಗೂ ನಡುವೆ ಬಿರುಕು ಬಿದ್ದಿರುವುದನ್ನು ಆಡಮ್ಸ್ ಅವರು ಕಂಡಿದ್ದರು. ಇಂಗ್ಲಿಷನ್ನು ಕಲಿತ ಮಕ್ಕಳಿಗೆ ಹಳ್ಳಿಯ ಉಡುಗೆತೊಡುಗೆಯ ತಾಯಿಯೆಂದರೆ ನಾಚಿಕೆ. ಒಂದು ದಿನ ಬೀದಿಯಲ್ಲಿ ಹೋಗುತ್ತಿರುವಾಗ ಇಟಲಿಯ ಮುದುಕಿಯೊಬ್ಬಳು ತವರಿನ ನೆನಪನ್ನು ಮುಖದಲ್ಲಿ ಹೊತ್ತು, ತಕಲಿಯಲ್ಲಿ ತಾಳ್ಮೆಯಿಂದ ನೂಲು ತೆಗೆಯುತ್ತಿರುವುದು ಅವರ ಕಣ್ಣಿಗೆ ಬಿದ್ದಿತು. ಲಂಡನ್ನಿನಲ್ಲಿ ಬರಿಗೈಗಳನ್ನು ಕಂಡಿದ್ದ ಕಣ್ಣಿಗೆ ಇಲ್ಲಿ ಕಸುಬು ತುಂಬಿದ ಕೈಗಳು ಕಂಡವು. ಆ ಕೈಗಳು ಏನನ್ನೂ ಬೇಡುತ್ತಿರಲಿಲ್ಲ. ಯಾರೂ ಕೇಳದ ವಿದ್ಯೆಯೊಂದನ್ನು ಹಿಡಿದುಕೊಂಡಿದ್ದವು.

ನೆರೆಯ ಮನೆಗಳಲ್ಲಿ ಹುಡುಕಿದಾಗ ನಾನಾ ದೇಶಗಳ ತಕಲಿ, ರಾಟೆ, ಮಗ್ಗಗಳೂ ಅವನ್ನು ಬಳಸಬಲ್ಲವರೂ ದೊರೆತರು. ತಕಲಿಯಿಂದ ರಾಟೆಗೆ, ರಾಟೆಯಿಂದ ಯಂತ್ರಕ್ಕೆ ನೂಲುವ ಕಲೆ ಹೇಗೆ ಬೆಳೆಯಿತೆಂಬುದು ತಿಳಿಯುವಂತೆ ಅವುಗಳನ್ನು ಕ್ರಮವಾಗಿ ಇರಿಸಿದರು. ಶನಿವಾರದ ಸಂಜೆಗಳಲ್ಲಿ ನೆರೆಯ ಹಿರಿಯರೇ ಅಲ್ಲಿ ಕುಳಿತು ತಮ್ಮ ಕೈಕೆಲಸವನ್ನು ತೋರಿಸತೊಡಗಿದರು. ನಿನ್ನೆಯವರೆಗೆ ಕಲಿಯಬೇಕಾದವರೆಂದು ಎಣಿಕೆಯಾಗಿದ್ದವರು ಇಂದು ಕಲಿಸುವ ಆಸನದಲ್ಲಿದ್ದರು.

ಅಂಥವರಲ್ಲೊಬ್ಬಳು ಇಟಲಿಯ ತಾಯಿ. ಅವಳು ಸಂಗ್ರಹಾಲಯದಲ್ಲಿ ನೂಲುವ ಸಂಜೆಯೇ ಮಗಳು ಅಡುಗೆಯ ತರಗತಿಗೆ ಬರುತ್ತಿದ್ದಳು. ತಲೆಗೆ ವಸ್ತ್ರವನ್ನು ಬಿಗಿದು, ಒರಟು ಪಾದರಕ್ಷೆಗಳನ್ನು ಮೆಟ್ಟಿದ ಆ ಹಳ್ಳಿಗಾತಿಯ ಮಗಳೆಂದು ಗೆಳತಿಯರಿಗೆ ತಿಳಿಯಬಾರದೆಂದು, ತಾಯಿಯನ್ನು ಒಂದು ಬಾಗಿಲಲ್ಲಿ ಬಿಟ್ಟು ತಾನು ಮತ್ತೊಂದು ಬಾಗಿಲಿಂದ ಒಳಗೆ ಬರುವಳು. ಒಂದು ಸಂಜೆ ಶಿಕ್ಷಣಶಾಸ್ತ್ರದ ವಿದ್ವಾಂಸರು ತಾಯಿಯ ಸುತ್ತ ನೆರೆದು ಅವಳ ಕೈಚಳಕವನ್ನು ಕೊಂಡಾಡುತ್ತಿರುವುದು ಮಗಳ ಕಿವಿಗೆ ಬಿದ್ದಿತು. ತಕಲಿಯ ನೂಲುವಿಕೆಯಲ್ಲಿ ಅಮೆರಿಕಾದಲ್ಲಿಯೇ ತನ್ನ ತಾಯಿಗೆ ಸಮಾನರಿಲ್ಲವೇ ಎಂದು ಅವಳು ಆಡಮ್ಸ್ ಅವರನ್ನು ವಿಚಾರಿಸಿದಳು. ಇಟಲಿಯ ಹಳ್ಳಿಯಲ್ಲಿ ತಾಯಿ ಬಾಳಿದ್ದ ಸುಂದರವಾದ ಬದುಕನ್ನೂ, ಮಕ್ಕಳಿಗಾಗಿ ಅದನ್ನೆಲ್ಲ ತೊರೆದು ಈ ಗದ್ದಲದ ನಗರಕ್ಕೆ ಬಂದುದನ್ನೂ ಅವರು ಆ ಬಾಲೆಗೆ ತಿಳಿಸಿದರು. ಅಂದಿನಿಂದ ಮನೆಯ ಪೆಟ್ಟಿಗೆಯಲ್ಲಿ ನಾಚಿಕೆಯಿಂದ ಅಡಗಿಸಿದ್ದ ಕೈನೂಲಿನ ಉಡುಪುಗಳು ಹೊರಗೆ ಬಂದವು. ತಾಯಿಮಕ್ಕಳು ಒಂದೇ ಬಾಗಿಲಿಂದ ಒಳಗೆ ಬರತೊಡಗಿದರು. ಮೈಯ ಕುಂದಿಗಾಗಿ ತಂದೆಯ ಪಕ್ಕವನ್ನು ಬಿಟ್ಟು ನಡೆದಿದ್ದ ಬಾಲಿಕೆಗೆ ಅಂದು ತಂದೆಯ ಟೋಪಿ ಮಾಡಿದ ಉಪಕಾರವನ್ನು, ಇಂದು ಈ ಬಾಲಿಕೆಗೆ ತಕಲಿಯು ಮಾಡಿತು.

ಬಡವರ ಸತ್ವವನ್ನು ಕೊಂಡಾಡಿ, ಅವರ ಸಂಕಟವನ್ನು ಅವರಿಗೇ ಬಿಟ್ಟು ಕೈತೊಳೆದುಕೊಳ್ಳುವುದು ಆಡಮ್ಸ್ ಅವರ ಮಾರ್ಗವಾಗಿರಲಿಲ್ಲ. ಒಳ್ಳೆಯ ಬೀಜವಿದ್ದರೂ ನೆಲವು ವಿಷವಾಗಿದ್ದರೆ ಬೆಳೆ ಬಾರದೆಂಬುದನ್ನು ಅವರು ಬಲ್ಲವರಾಗಿದ್ದರು. ಕಸವು ಕೊಳೆತು ಮಕ್ಕಳು ಸಾಯುತ್ತಿದ್ದ ಬೀದಿಗಳನ್ನು ಪರೀಕ್ಷಿಸಲು ಹಲ್ ಹೌಸಿನ ಮಹಿಳಾ ಸಂಘದ ಹನ್ನೆರಡು ಮಂದಿ ಗೃಹಿಣಿಯರು ಮುಂದೆ ಬಂದರು. ದಿನದ ದುಡಿಮೆಯ ಮೇಲೆ ಸಂಜೆಗಳಲ್ಲಿ ಗಲ್ಲಿಗಲ್ಲಿಗಳನ್ನು ಸುತ್ತಿ, ಎರಡೇ ತಿಂಗಳಲ್ಲಿ ೧,೦೩೭ ದೂರುಗಳನ್ನು ನಗರದ ಆರೋಗ್ಯ ಇಲಾಖೆಗೆ ಒಪ್ಪಿಸಿದರು. ೧೮೯೫ರಲ್ಲಿ ಆಡಮ್ಸ್ ಅವರೇ ಆ ವಾರ್ಡಿನ ಕಸದ ತಪಾಸಣಾಧಿಕಾರಿಯಾಗಿ, ಮುಂಜಾನೆ ಆರಕ್ಕೆ ಎದ್ದು ಕಸದ ಗಾಡಿಗಳ ಹಿಂದೆ ತಿರುಗಿದರು. ಒಂದು ಓಣಿಯಲ್ಲಿ ಹದಿನೆಂಟು ಅಂಗುಲ ಕಸವನ್ನು ಬಗೆದ ಮೇಲೆ ಕೆಳಗೆ ಕಲ್ಲುಹಾಸಿನ ರಸ್ತೆಯಿರುವುದು ಕಂಡುಬಂದಿತು. ಸಹವಾಸಿನಿಯಾಗಿದ್ದ ಫ್ಲಾರೆನ್ಸ್ ಕೆಲಿಯವರ ಶ್ರಮದಿಂದ ೧೮೯೩ರಲ್ಲಿ ಇಲಿನಾಯ್ ಪ್ರಾಂತವು, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯ ಕೆಲಸಕ್ಕೆ ಹಚ್ಚಬಾರದೆಂಬ ಶಾಸನವನ್ನು ಮಾಡಿತು. ೧೮೯೯ರಲ್ಲಿ ಚಿಕಾಗೋ ನಗರದಲ್ಲಿ ಮಕ್ಕಳಿಗಾಗಿ ಪ್ರತ್ಯೇಕವಾದ ನ್ಯಾಯಾಲಯ ಏರ್ಪಟ್ಟಿತು. ಅದರ ಹಿಂದೆಯೂ ಹಲ್ ಹೌಸಿನ ಮಹಿಳೆಯರ ದುಡಿಮೆಯಿತ್ತು.

ಕೀರ್ತಿಯ ಶಿಖರದಲ್ಲಿದ್ದಾಗ ಮಹಾಯುದ್ಧ ಬಂದಿತು. ೧೯೧೫ರಲ್ಲಿ ಹೇಗ್ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿ ಅವರು ಶಾಂತಿಗಾಗಿ ದನಿಯೆತ್ತಿದರು. ಹಲವು ದೇಶಗಳ ಜನ ಒಂದೇ ಬೀದಿಯಲ್ಲಿ ನೆರೆಯವರಾಗಿ ಬಾಳಬಲ್ಲರೆಂಬುದನ್ನು ಕಣ್ಣಾರೆ ಕಂಡವರಿಗೆ ದೇಶದೇಶಗಳ ಹಗೆ ಅನಿವಾರ್ಯವೆಂದು ತೋರಲಿಲ್ಲ. ೧೯೧೭ರಲ್ಲಿ ಅಮೆರಿಕಾ ಯುದ್ಧಕ್ಕೆ ಇಳಿದಾಗಲೂ ಅವರು ನಿಲುವನ್ನು ಬದಲಿಸಲಿಲ್ಲ. ನಿನ್ನೆ ಹೊಗಳಿದವರೇ ದೇಶದ್ರೋಹಿಯೆಂದು ಹಳಿದರು. ವರ್ಷಗಳ ನಿಂದೆಯನ್ನು ಮೌನವಾಗಿ ಸಹಿಸಿದ ಮೇಲೆ ೧೯೩೧ರಲ್ಲಿ ನೊಬೆಲ್ ಶಾಂತಿ ಪಾರಿತೋಷಕದಲ್ಲಿ ಪಾಲು ಅವರಿಗೆ ಸಂದಿತು. ಆ ಗೌರವವನ್ನು ಪಡೆದ ಅಮೆರಿಕಾದ ಮೊದಲ ಮಹಿಳೆ ಅವರೇ. ೧೯೩೫ನೆಯ ಇಸವಿ ಮೇ ೨೧ರಂದು ಚಿಕಾಗೋದಲ್ಲಿ ಅವರು ದೇಹವಿಟ್ಟರು. ಹಲ್ ಹೌಸಿನ ಅಂಗಳದಲ್ಲಿ ಸಾವಿರಾರು ಮಂದಿ ನೆರೆಯವರು ಅಂತಿಮ ದರ್ಶನವನ್ನು ಪಡೆದರು. ಹುಟ್ಟೂರಾದ ಸೀಡರ್‌ವಿಲ್ಲಿನಲ್ಲಿಯೇ ಅವರ ಸಮಾಧಿಯಿದೆ.

ಅವರ ಮರಣದ ಮರುವರ್ಷ, ೧೯೩೬ರಲ್ಲಿ, ಭಾರತದಲ್ಲಿ ಸಮಾಜಕಾರ್ಯವನ್ನು ಕಲಿಸುವ ಮೊದಲ ವಿದ್ಯಾಲಯವು ಮುಂಬಯಿಯಲ್ಲಿ ಟಾಟಾ ಧರ್ಮನಿಧಿಯಿಂದ ಆರಂಭವಾಯಿತು. ಅದರ ಮೊದಲ ನಿರ್ದೇಶಕರಾದ ಕ್ಲಿಫರ್ಡ್ ಮನ್‌ಷಾರ್ಟ್ ಅವರು ಚಿಕಾಗೋದಲ್ಲಿ ವ್ಯಾಸಂಗ ಮಾಡಿ, ಮುಂಬಯಿಯ ನಾಗಪಾಡಾ ಕೇರಿಯಲ್ಲಿ ಇಂಥದೇ ನೆರೆಮನೆಯನ್ನು ನಡೆಸುತ್ತಿದ್ದವರು.

ಆದರೆ ಸಮಾಜಕಾರ್ಯವು ಒಂದು ವೃತ್ತಿಯಾಗಿ ಬೆಳೆದಂತೆ ಅದು ವೈದ್ಯರ ರೀತಿಯನ್ನು ಅನುಸರಿಸಿತು. ೧೯೧೭ರಲ್ಲಿ ಮೇರಿ ರಿಚ್‌ಮಂಡ್ ಅವರು ರಚಿಸಿದ ಪ್ರಸಿದ್ಧ ಗ್ರಂಥದ ಹೆಸರಿನಲ್ಲಿಯೇ ರೋಗನಿದಾನದ ಮಾತಿತ್ತು. ನೆರವಿಗೆ ಬಂದವರ ಕಡತದಲ್ಲಿ ಬೇನೆ, ಕೊರತೆ, ಸೋಲುಗಳ ಪಟ್ಟಿ ಬೆಳೆಯಿತು. ಈ ರೂಢಿಯನ್ನು ತಿರುಗಿಸಲು ೧೯೮೦ರ ದಶಕದಲ್ಲಿ ಅಮೆರಿಕಾದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಅಧ್ಯಾಪಕರು ಮುಂದಾದರು. ತೀವ್ರವಾದ ಮನೋರೋಗದಿಂದ ನರಳಿದವರೊಡನೆ ಕೆಲಸಮಾಡುವಾಗ, ರೋಗದ ಪಟ್ಟಿಗೆ ಬದಲಾಗಿ, ಅವರು ಏನನ್ನು ಬಲ್ಲರು, ಏನನ್ನು ಬಯಸುವರು, ಯಾರ ಆಸರೆ ಅವರಿಗಿದೆ ಎಂಬುದನ್ನು ಮೊದಲು ಬರೆದುಕೊಳ್ಳುವ ಕ್ರಮವನ್ನು ಚಾರ್ಲ್ಸ್ ರ‍್ಯಾಪ್ ಮೊದಲಾದವರು ರೂಪಿಸಿದರು. ೧೯೯೨ರಲ್ಲಿ ಡೆನಿಸ್ ಸ್ಯಾಲೀಬಿಯವರು ಸಂಪಾದಿಸಿದ ಗ್ರಂಥದಿಂದ ಈ ಸತ್ವದೃಷ್ಟಿಯು ಶಾಸ್ತ್ರವಾಗಿ ನೆಲೆಗೊಂಡಿತು. ಪ್ರತಿಯೊಬ್ಬ ಮನುಷ್ಯನಲ್ಲಿಯೂ, ಕುಟುಂಬದಲ್ಲಿಯೂ, ಕೇರಿಯಲ್ಲಿಯೂ ಸತ್ವವುಂಟು. ಕಷ್ಟವು ಗಾಯವನ್ನು ಮಾಡುವಂತೆಯೇ ಕಲಿಸಲೂ ಬಲ್ಲದು. ಯಾರ ಶಕ್ತಿಯ ಮೇರೆಯನ್ನೂ ಮತ್ತೊಬ್ಬರು ಮುಂಚಿತವಾಗಿ ಗೆರೆಯೆಳೆದು ನಿರ್ಣಯಿಸಲಾಗದು. ನೆರವೆಂಬುದು ಇಬ್ಬರೂ ಕೂಡಿ ಮಾಡುವ ಕೆಲಸ ಎಂಬಿವು ಅದರ ತತ್ತ್ವಗಳು. ಸತ್ವದ ಹೆಸರಿನಲ್ಲಿ ಸಮಾಜವು ತನ್ನ ಹೊಣೆಯಿಂದ ಜಾರಿಕೊಳ್ಳಬಹುದೆಂದು ಶಂಕಿಸುವ ವಿಮರ್ಶಕರೂ ಇದ್ದಾರೆ. ಅವರ ಶಂಕೆಗೆ ಆಡಮ್ಸ್ ಅವರ ಬಾಳೇ ಉತ್ತರ: ಒಂದು ಕೈಯಲ್ಲಿ ಅವರು ತಕಲಿಗೆ ಮನ್ನಣೆಯನ್ನು ಕೊಟ್ಟರು, ಮತ್ತೊಂದು ಕೈಯಲ್ಲಿ ಬೀದಿಯ ಕಸವನ್ನು ಎತ್ತಿಸಿದರು.

ಹಲ್ ಹೌಸಿನ ಹದಿಮೂರು ಕಟ್ಟಡಗಳಲ್ಲಿ ಹೆಚ್ಚಿನವು ೧೯೬೦ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕೆ ಎಡೆಮಾಡಿಕೊಡಲು ನೆಲಸಮವಾದವು. ಅವರ ಹೆಸರಿನ ಸೇವಾಸಂಸ್ಥೆಯೂ ಹಣದ ಮುಗ್ಗಟ್ಟಿನಿಂದ ೨೦೧೨ರಲ್ಲಿ ಮುಚ್ಚಿತು. ಮೂಲದ ಹಳೆಯ ಮನೆಯು ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಕಟ್ಟಡಗಳು ಬೀಳುತ್ತವೆ, ಸಂಸ್ಥೆಗಳು ಮುಚ್ಚುತ್ತವೆ. ಆದರೆ ಕಷ್ಟದಲ್ಲಿರುವವನು ಬಾಗಿಲಿಗೆ ಬಂದಾಗ, ಅವನಿಗೆ ಏನಿಲ್ಲವೆಂದು ಎಣಿಸುವುದಕ್ಕೆ ಮುನ್ನ ಅವನಲ್ಲಿ ಏನಿದೆಯೆಂದು ಕೇಳಿ, ಅವನ ಮಾತನ್ನು ಕಡೆಯವರೆಗೆ ಆಲಿಸುವ ಗೃಹಸ್ಥನ ಮನೆಯಲ್ಲಿ ಆ ಸಾಧ್ವಿಯ ಸೇವಾವ್ರತವು ಇಂದಿಗೂ ನಡೆಯುತ್ತಲೇ ಇರುತ್ತದೆ. ಅಂಥ ಮನೆಯಲ್ಲಿ ಕೊಡುವ ಕೈ ಮೇಲಲ್ಲ, ಪಡೆಯುವ ಕೈ ಕೆಳಗಲ್ಲ; ಎರಡೂ ಒಂದೇ ಎತ್ತರದಲ್ಲಿ ಕೂಡುತ್ತವೆ.